ಆ ಪೆಟ್ಟು ಯಾರದು? ಬಿಲ್ಲಿ ಕೋಬಮ್ ಅವರ ಅರ್ಧ ಶತಮಾನ

ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ ನನ್ನ ಪಕ್ಕದ ಕೋಣೆಯ ಗೆಳೆಯ ಮೃದಂಗ ಕಲಿಯುತ್ತಿದ್ದ. ಒಂದು ರಾತ್ರಿ ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್ಟೊಂದನ್ನು ಅವನಿಗೆ ಕೇಳಿಸಿದೆ. ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಹೆಸರು ನೋಡಿ ಅವನು ಭಜನೆ ಇರಬಹುದೆಂದುಕೊಂಡಿದ್ದ. ಮೊದಲು ಗಾಂಗ್ ಮೊಳಗಿತು, ಆಮೇಲೆ ಗಿಟಾರ್ ಸುರುಳಿ ಸುತ್ತತೊಡಗಿತು, ಅದರೊಳಕ್ಕೆ ಡ್ರಮ್ ನುಗ್ಗಿತು. ಅವನು ಮಾತಾಡಲಿಲ್ಲ. ತೊಡೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದ. ಎರಡು ಸಲ ತಪ್ಪಿದ. ಮೂರನೆಯ ಸಲ ಟೇಪನ್ನು ಹಿಂದಕ್ಕೆ ಓಡಿಸಿ, 'ಹದಿನೆಂಟು ಕಣೋ' ಎಂದ. ಸ್ವಲ್ಪ ಹೊತ್ತು ಬಿಟ್ಟು, 'ಬಾರಿಸ್ತಿರೋನು ಯಾರು?' ಎಂದು ಕೇಳಿದ.

ಅದು 1973ರ 'ಬರ್ಡ್ಸ್ ಆಫ್ ಫೈರ್'. ಬಾರಿಸುತ್ತಿದ್ದವರು ಬಿಲ್ಲಿ ಕೋಬಮ್. ಆಮೇಲೆ ಎಷ್ಟೋ ವರ್ಷ ನಾನು ಈ ಹೆಸರನ್ನು ಪುರಾವೆಯಂತೆ ಬಳಸಿದೆ. ಮನುಷ್ಯನ ಕೈಕಾಲುಗಳಿಂದ ಏನೇನು ಸಾಧ್ಯ ಎಂಬ ಮಾತು ಬಂದಾಗಲೆಲ್ಲ ಆ ಕ್ಯಾಸೆಟ್ಟು ಹೊರಬರುತ್ತಿತ್ತು. ಕೇಳಿದವರು ಬೆರಗಾಗುತ್ತಿದ್ದರು, ನನಗೆ ಅಷ್ಟು ಸಾಕಿತ್ತು. ನಾನು ಸಂಗೀತ ಕೇಳುತ್ತಿರಲಿಲ್ಲ, ಸರ್ಕಸ್ ತೋರಿಸುತ್ತಿದ್ದೆ ಎಂದು ತಿಳಿಯಲು ತುಂಬ ಕಾಲ ಹಿಡಿಯಿತು.

ತಿಳಿದದ್ದು ಕಾಫಿ ಅಂಗಡಿಯೊಂದರಲ್ಲಿ. ಯಾವುದೋ ಹಾಡು ಹಾಕಿದ್ದರು. ಮೆಲ್ಲಗೆ ಹೆಜ್ಜೆಯಿಡುವ, ಬಿಟ್ಟೂಬಿಡದ ಒಂದು ಬಾಸ್ ಗಿಟಾರ್, ಅದರ ಜೊತೆಗೊಂದು ಡ್ರಮ್, ಮೇಲೆ ಹೆಣ್ಣುದನಿ. ಹಾಡು ನನಗೆ ಗೊತ್ತಿರಲಿಲ್ಲ, ಆದರೆ ಆ ಬಾಸು, ಆ ಡ್ರಮ್ ಗೊತ್ತಿತ್ತು. ಕೋಬಮ್ ಅವರ 'ಸ್ಟ್ರೇಟಸ್'! ಹಾಡು ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡದ 1991ರ 'ಸೇಫ್ ಫ್ರಮ್ ಹಾರ್ಮ್'. ಜಗತ್ತಿನ ಅತಿ ವೇಗದ ಡ್ರಮ್ಮರುಗಳಲ್ಲಿ ಒಬ್ಬರೆಂದು ನಾನು ಸಾರಿಕೊಂಡು ತಿರುಗುತ್ತಿದ್ದ ಮನುಷ್ಯನಿಂದ ಮುಂದಿನ ಪೀಳಿಗೆ ಎತ್ತಿಕೊಂಡಿದ್ದು ವೇಗವನ್ನಲ್ಲ. ಅವರು ಸುಮ್ಮನೆ ನಡೆಯುತ್ತಿದ್ದ ಜಾಗವನ್ನು. ಹಾಗಾದರೆ ನಾನು ಇಷ್ಟು ವರ್ಷ ಕೇಳಿದ್ದೇನು?

ಈ ಪ್ರಶ್ನೆಯನ್ನು ಇಟ್ಟುಕೊಂಡು ಅವರ ಅರ್ಧ ಶತಮಾನಕ್ಕೂ ಮೀರಿದ ಸಂಗೀತವನ್ನು ಮತ್ತೆ ಮೊದಲಿನಿಂದ ಕೇಳಿದೆ. ಅದರ ಫಲ ಈ ಬರಹ.

ಕೋಬಮ್ ಹುಟ್ಟಿದ್ದು 1944ರ ಮೇ 16ರಂದು, ಪನಾಮಾದಲ್ಲಿ. ಪುಟ್ಟ ಮಗುವಾಗಿದ್ದಾಗಲೇ ಮನೆಯವರು ನ್ಯೂಯಾರ್ಕಿಗೆ ಬಂದರು. ತಂದೆ ವಾರಾಂತ್ಯಗಳಲ್ಲಿ ಪಿಯಾನೋ ನುಡಿಸುತ್ತಿದ್ದರು. ಹುಡುಗ ಬೆಳೆದದ್ದು ಬೀದಿಯಲ್ಲಿ ಸಾಲಾಗಿ ನಡೆಯುತ್ತ ಡ್ರಮ್ಮು, ಕಹಳೆ ಬಾರಿಸುವ 'ಡ್ರಮ್ ಕೋರ್' ತಂಡದಲ್ಲಿ, ಆಮೇಲೆ ನ್ಯೂಯಾರ್ಕಿನ ಹೈಸ್ಕೂಲ್ ಆಫ್ ಮ್ಯೂಸಿಕ್ ಆ್ಯಂಡ್ ಆರ್ಟ್‌ನಲ್ಲಿ. 1965ರಿಂದ ಮೂರು ವರ್ಷ ಅಮೆರಿಕದ ಸೇನಾ ಬ್ಯಾಂಡಿನಲ್ಲಿದ್ದರು. ಹೊರಬಂದ ಕೂಡಲೇ ಪಿಯಾನೋ ವಾದಕ ಹೊರೇಸ್ ಸಿಲ್ವರ್ ಅವರ ತಂಡ ಸೇರಿದರು. ಡ್ರಮ್ ಕೋರ್ ಮತ್ತು ಸೇನೆ ಎರಡೂ ಕಲಿಸುವುದು ಒಂದನ್ನೇ: ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು, ಎಷ್ಟೇ ವೇಗವಿರಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು. ಕೋಬಮ್ ಅವರ ಉರುಳಿಕೆಗಳಲ್ಲಿ, ಅಂದರೆ ಸ್ನೇರ್ ಡ್ರಮ್ಮಿನ ಮೇಲೆ ಕೋಲುಗಳು ಒಂದೇ ಸಮನೆ ಓಡುವಾಗ, ಕಾಳು ಸುರಿದಂತೆ ಒಂದೊಂದೂ ಬೇರೆಬೇರೆಯಾಗಿ ಕೇಳುವುದು ಈ ಪಾಠದಿಂದ.

ಇನ್ನೊಂದು ಸಂಗತಿಯಿದೆ. ಡ್ರಮ್ ಸೆಟ್ಟಿನ ಎದುರು ಕೂತ ಹೆಚ್ಚಿನವರು ಬಲಗೈಯನ್ನು ಎಡಗೈಯ ಮೇಲೆ ಅಡ್ಡ ಹಾಯಿಸಿ ಎಡಬದಿಯ ಹೈ-ಹ್ಯಾಟ್ ತಾಳಗಳನ್ನು ಬಾರಿಸುತ್ತಾರೆ. ಕೋಬಮ್ ಹಾಗೆ ಮಾಡುವುದಿಲ್ಲ. ಬಲಗೈಯವರ ಹಾಗೆ ಜೋಡಿಸಿದ ಸೆಟ್ಟಿನಲ್ಲೇ ಎಡಗೈ ಮುಂದಾಗುತ್ತದೆ. ಎಡಗೈ ಎಡದ ಸಿಂಬಲ್ಲಿಗೆ, ಬಲಗೈ ಸ್ನೇರಿಗೆ. ಕೈಗಳು ಎಲ್ಲೂ ಕತ್ತರಿಯಾಗುವುದಿಲ್ಲ, ಎದೆ ತೆರೆದೇ ಇರುತ್ತದೆ. ಕಾಲವನ್ನು ಕಾಯುವ ಕೈ ತನ್ನ ಕೆಲಸ ಬಿಡದೆಯೇ ಇನ್ನೊಂದು ಕೈ ಇಡೀ ಸೆಟ್ಟಿನ ಮೇಲೆ ಓಡಾಡಬಲ್ಲದು. ಅವರ ನುಡಿಸುವಿಕೆಯಲ್ಲಿ ಒಬ್ಬರು ನಡೆಯುತ್ತಿರುವಂತೆ, ಇನ್ನೊಬ್ಬರು ಮಾತಾಡುತ್ತಿರುವಂತೆ ಅನ್ನಿಸುವುದಕ್ಕೆ ಇದೇ ಕಾರಣ.

'ಫ್ಯೂಷನ್' ಎಂಬ ಪದದ ಬಗ್ಗೆ ಎರಡು ಮಾತು. ನಮ್ಮಲ್ಲಿ ಫ್ಯೂಷನ್ ಕಛೇರಿ ಎಂದರೆ ಮೃದಂಗ ಅಥವಾ ತಬಲಾದ ಪಕ್ಕದಲ್ಲಿ ಕೀಬೋರ್ಡು, ಪಿಟೀಲಿನ ಪಕ್ಕದಲ್ಲಿ ಸ್ಯಾಕ್ಸೋಫೋನು. ಅಂಥ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನವರು ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ 'ಜ್ಯೋತಿ' ಆಲ್ಬಮ್ ಮಾಡಿದ್ದರು. ಆದರೆ ಅಮೆರಿಕದಲ್ಲಿ ಜಾಝ್ ಫ್ಯೂಷನ್ ಎಂದರೆ ಮೊದಲ ಅರ್ಥದಲ್ಲಿ ಜಾಝಿಗೂ ರಾಕ್ ಸಂಗೀತಕ್ಕೂ ಆದ ಕೂಡಿಕೆ. ಜಾಝಿನ ಮನೋಧರ್ಮ ರಾಕಿನ ವಿದ್ಯುತ್ ಗಿಟಾರು, ಅದರ ಗಟ್ಟಿದನಿ, ಅದರ ಬಡಿತದ ಒಳಗೆ ಹೊಕ್ಕಿದ್ದು. ಈ ಕೂಡಿಕೆಯ ಭಾರ ಹೆಚ್ಚಾಗಿ ಬಿದ್ದದ್ದು ಡ್ರಮ್ಮರ್ ಮೇಲೆ. ಜಾಝ್ ಡ್ರಮ್ಮು ಸಿಂಬಲ್ಲಿನ ಮೇಲೆ ತೇಲುತ್ತದೆ, ರಾಕ್ ಡ್ರಮ್ಮು ನೆಲಕ್ಕೆ ಗುದ್ದುತ್ತದೆ. ಎರಡನ್ನೂ ಒಂದೇ ದೇಹ ಮಾಡಬೇಕಿತ್ತು.

ಅದು ಹೇಗಾಯಿತೆಂದು ತಿಳಿಯಬೇಕಾದವರು ಮೈಲ್ಸ್ ಡೇವಿಸ್ ಅವರ 'ಎ ಟ್ರಿಬ್ಯೂಟ್ ಟು ಜ್ಯಾಕ್ ಜಾನ್ಸನ್' ಕೇಳಬೇಕು. ಅದರ 'ರೈಟ್ ಆಫ್' ಭಾಗ ಧ್ವನಿಮುದ್ರಣವಾದದ್ದು 1970ರ ಏಪ್ರಿಲ್‌ನಲ್ಲಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರಿನಲ್ಲಿ ಏನೋ ಶುರು ಮಾಡುತ್ತಾರೆ, ಮೈಕೇಲ್ ಹೆಂಡರ್ಸನ್ ಬಾಸಿನಲ್ಲಿ ಕೈ ಜೋಡಿಸುತ್ತಾರೆ, ಕೋಬಮ್ ಕುಂಟುನಡೆಯ ಒಂದು ಷಫಲ್ ಹಿಡಿಯುತ್ತಾರೆ. ಮೈಲ್ಸ್ ತುತ್ತೂರಿ ಎತ್ತುವುದು ತಡವಾಗಿ. ಇಪ್ಪತ್ತಾರು ನಿಮಿಷಕ್ಕೂ ಹೆಚ್ಚು ಕಾಲ ಆ ನಡೆ ನಿಲ್ಲುವುದಿಲ್ಲ. ಡ್ರಮ್ಮರ್ ಇಲ್ಲಿ ತನ್ನನ್ನು ಎಲ್ಲೂ ಮುಂದೆ ಮಾಡಿಕೊಂಡಿಲ್ಲ. ಆದರೆ ಅವರನ್ನು ತೆಗೆದರೆ ಉಳಿಯುವುದು ಚೂರುಗಳು.

1971ರಲ್ಲಿ ಮೆಕ್‌ಲಾಫ್ಲಿನ್ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. 'ಮಹಾವಿಷ್ಣು' ಅವರಿಗೆ ಗುರು ಶ್ರೀ ಚಿನ್ಮಯ್ ಕೊಟ್ಟ ಹೆಸರು. ಕೀಬೋರ್ಡಿಗೆ ಯಾನ್ ಹ್ಯಾಮರ್, ಪಿಟೀಲಿಗೆ ಜೆರಿ ಗುಡ್‌ಮನ್, ಬಾಸಿಗೆ ರಿಕ್ ಲೇರ್ಡ್, ಡ್ರಮ್ಮಿಗೆ ಕೋಬಮ್. 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' ಆಲ್ಬಮ್ಮಿನ 'ಡಾನ್ಸ್ ಆಫ್ ಮಾಯಾ' ನೋಡಿ. ಮೊದಲು ಹತ್ತರ ಎಣಿಕೆಯಲ್ಲಿ ಗಿಟಾರು ಕಡಿದಾದ ಮೆಟ್ಟಿಲು ಹತ್ತಿಳಿಯುತ್ತದೆ. ನಡುವೆ ಒಮ್ಮೆಲೇ ಬ್ಲೂಸ್ ಬರುತ್ತದೆ, ತೂಗಾಡುವ, ಬಹುತೇಕ ತುಂಟತನದ ಬ್ಲೂಸ್. ಕೊನೆಗೆ ಎರಡೂ ಒಂದರ ಮೇಲೊಂದು ಕೂರುತ್ತವೆ. ತನಿ ಆವರ್ತನ ಕೇಳಿ ಬೆಳೆದ ನಮ್ಮ ಕಿವಿಗೆ ಎಣಿಕೆ ಹೊಸದಲ್ಲ. ಬೇರೆ ಬೇರೆ ದಾರಿ ಹಿಡಿದು ಸಮಕ್ಕೆ ಬಂದು ಕೂಡುವ ಸಂತೋಷ ನಮಗೆ ಗೊತ್ತು. ಹೊಸದು ಯಾವುದೆಂದರೆ ಆ ಎಣಿಕೆಯನ್ನು ಕೋಬಮ್ ಬಚ್ಚಿಡುವ ರೀತಿ. ಹತ್ತನ್ನು ಅವರು ಲೆಕ್ಕವಾಗಿ ಬಾರಿಸುವುದಿಲ್ಲ, ನಡಿಗೆಯಾಗಿ ಬಾರಿಸುತ್ತಾರೆ. ಎಣಿಸದವನೂ ತಲೆದೂಗಬಹುದು. ನನ್ನ ಗೆಳೆಯ ಎರಡು ಸಲ ತಪ್ಪಿದ್ದು ಲೆಕ್ಕ ಕಷ್ಟವಾಗಿತ್ತೆಂದಲ್ಲ, ಲೆಕ್ಕ ಕಾಣುತ್ತಿರಲಿಲ್ಲವೆಂದು.

'ಬರ್ಡ್ಸ್ ಆಫ್ ಫೈರ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೆಯ ಸ್ಥಾನಕ್ಕೇರಿತು. ಹಾಡಿಲ್ಲದ, ಮಾತಿಲ್ಲದ, ಹದಿನೆಂಟರಲ್ಲಿ ಸುತ್ತುವ ಸಂಗೀತಕ್ಕೆ ಇದು ನಂಬಲಾಗದ ಸಂಗತಿ. ಅದೇ ವರ್ಷದ ಕೊನೆಗೆ ತಂಡ ಒಡೆಯಿತು. ಆ ಎರಡು ಸ್ಟುಡಿಯೋ ಆಲ್ಬಮ್ಮುಗಳ ಎಲ್ಲ ರಚನೆಗಳ ಕೆಳಗೂ ಇರುವುದು ಒಂದೇ ಹೆಸರು, ಮೆಕ್‌ಲಾಫ್ಲಿನ್ ಅವರದು. 1973ರಲ್ಲಿ ಲಂಡನ್ನಿನಲ್ಲಿ ಮಾಡಿದ ಮೂರನೆಯ ಧ್ವನಿಮುದ್ರಣದಲ್ಲಿ ಹ್ಯಾಮರ್, ಗುಡ್‌ಮನ್, ಲೇರ್ಡ್ ಅವರ ರಚನೆಗಳೂ ಇದ್ದವು. ಅದು ಪೆಟ್ಟಿಗೆಯಲ್ಲೇ ಉಳಿದು, ಹೊರಬಂದದ್ದು 1999ರಲ್ಲಿ. ತಂಡ ಒಡೆಯಲು ಕಾರಣಗಳು ಹಲವು. ಆದರೆ ಸಂಗೀತ ಯಾರದು ಎಂಬ ಪ್ರಶ್ನೆ ಅವುಗಳ ನಡುವೆ ಇತ್ತು. ಆ ರಚನೆಗಳು ಮೆಕ್‌ಲಾಫ್ಲಿನ್ ಅವರವು ಎಂಬುದು ನಿಜ. ಕೋಬಮ್ ಇಲ್ಲದೆ ಅವು ನಾವು ಕೇಳುವಂತೆ ಇರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಆದರೆ ಈ ಎರಡನೆಯ ನಿಜವನ್ನು ಬರೆದಿಡಲು ಆಲ್ಬಮ್ಮಿನ ಲಕೋಟೆಯಲ್ಲಿ ಜಾಗವಿರುವುದಿಲ್ಲ.

ಕೋಬಮ್ ಕೊಟ್ಟ ಉತ್ತರ 'ಸ್ಪೆಕ್ಟ್ರಮ್'. ಮಹಾವಿಷ್ಣು ತಂಡ ಇನ್ನೂ ಇದ್ದಾಗಲೇ, 1973ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋದಲ್ಲಿ ಕೆಲವೇ ದಿನಗಳಲ್ಲಿ ಮಾಡಿದ್ದು. ಎಲ್ಲ ರಚನೆಗಳೂ ಅವರವೇ. ಹ್ಯಾಮರ್ ಜೊತೆಗಿದ್ದರು. ಉಳಿದ ಆಯ್ಕೆಗಳು ಕುತೂಹಲದವು. ಗಿಟಾರಿಗೆ ಟಾಮಿ ಬೋಲಿನ್, ಆಗಿನ್ನೂ ಇಪ್ಪತ್ತೊಂದರ ರಾಕ್ ಹುಡುಗ. ಬಾಸಿಗೆ ಲೀ ಸ್ಕ್ಲಾರ್, ಜೇಮ್ಸ್ ಟೇಲರ್ ಅಂಥ ಮೆಲುದನಿಯ ಗಾಯಕರ ಹಿಂದೆ ನುಡಿಸುತ್ತಿದ್ದವರು. ತನ್ನಷ್ಟೇ ಚಮತ್ಕಾರ ಬಲ್ಲವರನ್ನು ಒಟ್ಟುಹಾಕುವುದು ಸುಲಭವಿತ್ತು. ಕೋಬಮ್ ಹುಡುಕಿದ್ದು ಒಂದೇ ಸಾಲನ್ನು ಬೇಸರವಿಲ್ಲದೆ ಹತ್ತು ನಿಮಿಷ ನುಡಿಸಬಲ್ಲವರನ್ನು.

'ಸ್ಟ್ರೇಟಸ್' ನಿಂತಿರುವುದು ಅದರ ಮೇಲೆ. ಶುರುವಿನ ಮೂರು ನಿಮಿಷ ಕೀಬೋರ್ಡಿನ ಗುಂಗು, ನಡುನಡುವೆ ಡ್ರಮ್ಮಿನ ಗುಡುಗು. ಎತ್ತಲೂ ಹೋಗುತ್ತಿಲ್ಲವೇನೋ ಅನ್ನಿಸುವ ಹೊತ್ತಿಗೆ ಸ್ಕ್ಲಾರ್ ಅವರ ಬಾಸ್ ಸಾಲು ಹುಟ್ಟುತ್ತದೆ. ನಾಲ್ಕರ ಎಣಿಕೆ, ಯಾರು ಬೇಕಾದರೂ ಎಣಿಸಬಹುದಾದದ್ದು. ಕೋಬಮ್ ಹೈ-ಹ್ಯಾಟಿನ ಮೇಲೆ ಸಣ್ಣ ಪೆಟ್ಟುಗಳನ್ನು ಒಂದೇ ಸಮನೆ ಇಡುತ್ತ ಹೋಗುತ್ತಾರೆ. ಗಿಟಾರು ಕೆರಳುತ್ತದೆ, ಕೀಬೋರ್ಡು ಕೆರಳುತ್ತದೆ, ಡ್ರಮ್ಮೂ ಮೆಲ್ಲಗೆ ಬಿಸಿಯೇರುತ್ತದೆ. ಬಾಸು ಮಾತ್ರ ಹೋದ ದಾರಿಯಲ್ಲೇ ಮತ್ತೆ ಹೋಗುತ್ತದೆ. ಏನೆಲ್ಲ ಮಾಡಬಲ್ಲ ಕೈಗಳು ಇಲ್ಲಿ ಎಷ್ಟನ್ನು ಮಾಡುತ್ತಿಲ್ಲ ಎಂಬುದು ಕೇಳಿಸುತ್ತದೆ. ಅದೇ ಆಲ್ಬಮ್ಮಿನ ಮೊದಲ ತುಣುಕು 'ಕ್ವಾಡ್ರಂಟ್ 4'ನಲ್ಲಿ ಎರಡು ಬಾಸ್ ಡ್ರಮ್ಮುಗಳ ಮೇಲೆ ಕಾಲುಗಳು ಕುದುರೆಯ ಹಾಗೆ ಓಡುತ್ತವೆ. ಹಾಸ್ಟೆಲ್ಲಿನಲ್ಲಿ ನಾವು ಸವೆಸಿದ್ದು ಆ ತುಣುಕನ್ನು. 'ಸ್ಟ್ರೇಟಸ್' ಬಂದರೆ ಮುಂದಕ್ಕೆ ಓಡಿಸುತ್ತಿದ್ದೆವು.

ನಾವು ಓಡಿಸಿದ್ದನ್ನು ಬೇರೆಯವರು ಎತ್ತಿಕೊಂಡರು. ಮ್ಯಾಸಿವ್ ಅಟ್ಯಾಕಿನ ಆ ಹಾಡಿನ ರಚನಕಾರರ ಸಾಲಿನಲ್ಲಿ ಕೋಬಮ್ ಹೆಸರೂ ಇದೆ. ಇದನ್ನು ಸಣ್ಣ ವಿಷಯವೆಂದು ದಾಟಿಹೋಗಲು ನನ್ನಿಂದಾಗುವುದಿಲ್ಲ. ಯಾಕೆಂದರೆ ಇದರ ಪಕ್ಕದಲ್ಲಿ ಇನ್ನೊಬ್ಬ ಡ್ರಮ್ಮರ್ ಕತೆಯಿದೆ. ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಬಾರಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಅದರ ಕೆಲವು ಸೆಕೆಂಡುಗಳ ಡ್ರಮ್ಮನ್ನು ಹಿಪ್‌ಹಾಪ್‌ನವರು ಕತ್ತರಿಸಿ ಅಂಟಿಸದ ಜಾಗವಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾದ ತುಣುಕುಗಳಲ್ಲಿ ಅದೊಂದು. ಆದರೆ ಹಾಡಿನ ರಚನಕಾರರಾಗಿ ದಾಖಲಾಗಿದ್ದು ಬ್ರೌನ್. ಸ್ಟಬಲ್‌ಫೀಲ್ಡ್ ಆ ಹೊತ್ತಿನ ಕೂಲಿ ಪಡೆದ ವಾದಕ. ಆ ಹಾಡುಗಳಿಂದ ಬಂದ ರಚನೆಯ ಗೌರವಧನದಲ್ಲಿ ಅವರಿಗೆ ಪಾಲಿರಲಿಲ್ಲ. 2017ರಲ್ಲಿ ತೀರಿಕೊಂಡರು. ಕಾನೂನಿನ ಕಣ್ಣಿಗೆ ಕಾಣುವುದು ರಾಗ, ಕಾಣುವುದು ಮಾತು. ಪೆಟ್ಟು ಕಾಣುವುದಿಲ್ಲ. ಡ್ರಮ್ಮರ್ ಎಷ್ಟೇ ಕಟ್ಟಿದರೂ ಅದು ಬೇರೆಯವರ ಮನೆ.

ಈ ಬೆಳಕಿನಲ್ಲಿ ಕೋಬಮ್ ತಂಡದ ನಾಯಕನಾಗಲು ಹೊರಟದ್ದು ನನಗೆ ಬೇರೆಯಾಗಿ ಕಂಡಿತು. ಹೆಸರಿನ ಆಸೆ ಇರಬಹುದು, ಇದ್ದರೆ ತಪ್ಪೇನು? ಆದರೆ ಅದಕ್ಕಿಂತ ಮುಖ್ಯವಾದ ಒಂದಿದೆ. ಲಯವೂ ರಚನೆಯೇ ಎಂದು ವಾದ ಮಾಡುವ ಬದಲು ಅವರು ಕೂತು ರಚನೆಗಳನ್ನು ಬರೆದರು. ಡ್ರಮ್ ಸ್ಟೂಲಿನ ಮೇಲೆ ಕೂತವನ ಕಿವಿಯಿಂದ ಇಡೀ ತಂಡ ಹೇಗೆ ಕೇಳುತ್ತದೆ ಎಂದು ತೋರಿಸಿದರು.

ಅದರ ಅತ್ಯುತ್ತಮ ಸಾಕ್ಷಿ, ನನ್ನ ಮಟ್ಟಿಗೆ, 'ಸ್ಪೆಕ್ಟ್ರಮ್' ಅಲ್ಲ, ಮರುವರ್ಷದ 'ಕ್ರಾಸ್‌ವಿಂಡ್ಸ್'. ಅದರಲ್ಲಿರುವ 'ಹೆದರ್' ಎಂಬ ನಿಧಾನದ ತುಣುಕಿನಲ್ಲಿ ಮೈಕೇಲ್ ಬ್ರೆಕರ್ ಅವರ ಸ್ಯಾಕ್ಸೋಫೋನು, ಜಾರ್ಜ್ ಡ್ಯೂಕ್ ಅವರ ಕೀಬೋರ್ಡು ಮಾತಾಡುತ್ತವೆ. ನಾಯಕ ಇದ್ದಾನೆಂದು ಮರೆತುಹೋಗುವಷ್ಟು ಮೆಲ್ಲಗೆ ಡ್ರಮ್ಮು ಕೆಳಗೆ ಉಸಿರಾಡುತ್ತದೆ. ಇಪ್ಪತ್ತು ವರ್ಷದ ಮೇಲೆ, 1993ರಲ್ಲಿ, ಸೋಲ್ಸ್ ಆಫ್ ಮಿಸ್ಚೀಫ್ ಎಂಬ ಕ್ಯಾಲಿಫೋರ್ನಿಯಾದ ಹುಡುಗರು ತಮ್ಮ ಬಹು ಪ್ರಸಿದ್ಧ ಹಾಡನ್ನು ಕಟ್ಟಿದ್ದು ಇದೇ ತುಣುಕಿನ ಮೇಲೆ. ಎರಡನೆಯ ಸಲವೂ ಕಾಲ ಆರಿಸಿಕೊಂಡಿದ್ದು ಅವರ ಸಂಯಮವನ್ನೇ. ಆ ವರ್ಷಗಳಲ್ಲಿ ಅವರ ತಂಡದಲ್ಲಿ ಬೆಳೆದವರ ಹೆಸರು ನೋಡಿ: ಬ್ರೆಕರ್ ಸಹೋದರರು, ಗಿಟಾರಿನ ಜಾನ್ ಆಬರ್‌ಕ್ರಾಂಬಿ, ಅವರ ನಂತರ ಜಾನ್ ಸ್ಕೋಫೀಲ್ಡ್. ಒಬ್ಬೊಬ್ಬರೂ ಮುಂದೆ ತಮ್ಮದೇ ದಾರಿ ಮಾಡಿಕೊಂಡರು. ಒಬ್ಬ ನಾಯಕನ ಅಳತೆಗೆ ಇದೂ ಒಂದು ಕೋಲು.

ಆದರೆ ವಿಮರ್ಶೆ ಬರೆಯಲು ಕೂತವನು ಇಲ್ಲಿಗೇ ನಿಲ್ಲಿಸಿದರೆ ಅದು ಅಭಿನಂದನ ಗ್ರಂಥವಾಗುತ್ತದೆ. ಎಪ್ಪತ್ತರ ದಶಕದ ಎರಡನೆಯ ಅರ್ಧದ ಆಲ್ಬಮ್ಮುಗಳನ್ನು ಕೇಳುವುದು ಕಷ್ಟ. 1975ರ 'ಎ ಫಂಕಿ ಥೈಡ್ ಆಫ್ ಸಿಂಗ್ಸ್' ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ನಗಿಸಲು ನೋಡುತ್ತದೆ, ಸಂಗೀತವೂ ಹಾಗೆಯೇ ಮೇಲುಮೇಲಿನದು. ದಶಕ ಮುಗಿಯುವ ಹೊತ್ತಿಗೆ ಕುಣಿತದ ಮಾರುಕಟ್ಟೆಯ ಒತ್ತಡ ಧ್ವನಿಯಲ್ಲೇ ಕೇಳುತ್ತದೆ. ಡ್ರಮ್ಮು ಆಗಲೂ ನಿರ್ದೋಷ. ತೊಂದರೆ ಇರುವುದು ಅಲ್ಲೇ. ಬಾರಿಸುವುದಕ್ಕೆ ಅರ್ಹವಾದ ರಚನೆಯಿಲ್ಲದಾಗ ಒಳ್ಳೆಯ ಬಾರಿಸುವಿಕೆ ಖಾಲಿ ಮನೆಯಲ್ಲಿ ಹಚ್ಚಿಟ್ಟ ದೀಪ. ಎಂಬತ್ತರ ದಶಕದ 'ವಾರ್ನಿಂಗ್', 'ಪವರ್ ಪ್ಲೇ' ಮುಂತಾದವು ಆ ಕಾಲದ ಸಿಂಥಸೈಸರಿನ ಹೊಳಪಿನಲ್ಲಿ ಎಲ್ಲ ಅಂಚುಗಳನ್ನೂ ಒರೆಸಿಕೊಂಡಿವೆ. ನಾನು ಪ್ರೀತಿಯಿಂದ ಕೇಳಲು ಹೋಗಿ, ಮುಗಿಯಲೆಂದು ಕಾದಿದ್ದೇನೆ.

ಕೋಬಮ್ ಎಂಬತ್ತರ ದಶಕದಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆಸಿದರು. ಅಮೆರಿಕದ ಪತ್ರಿಕೆಗಳ ಮುಖಪುಟದಿಂದ ದೂರವಾದದ್ದು ಒಂದು ಬಗೆಯ ಹಿನ್ನಡೆಯೆಂದು ನಾನೂ ಭಾವಿಸಿದ್ದೆ. 2001ರ 'ದಿ ಆರ್ಟ್ ಆಫ್ ಥ್ರೀ' ಕೇಳಿದ ಮೇಲೆ ಹಾಗನ್ನಿಸಲಿಲ್ಲ. ಬಾಸಿಗೆ ರಾನ್ ಕಾರ್ಟರ್, ಪಿಯಾನೋಗೆ ಕೆನಿ ಬ್ಯಾರನ್, ಮೂವರೇ. ಎರಡು ಬಾಸ್ ಡ್ರಮ್ಮುಗಳ ಗುಡುಗಿಲ್ಲ. ಹೊರೇಸ್ ಸಿಲ್ವರ್ ಜೊತೆಗಿದ್ದ ಯುವಕ ಮೂವತ್ತು ವರ್ಷದ ಸುತ್ತಾಟದ ನಂತರ ತನ್ನ ಹಳೆಯ ಬೀದಿಗೆ ಬಂದು, ಮನೆಗಳೆಲ್ಲ ಇದ್ದಲ್ಲೇ ಇವೆಯೇ ಎಂದು ನೋಡುತ್ತಿರುವಂತಿದೆ. ಅತಿ ಜೋರಾಗಿ ಬಾರಿಸಬಲ್ಲ ಕೈ ಮೆಲ್ಲಗೆ ಬಾರಿಸುವುದಕ್ಕೂ, ಮೆಲ್ಲಗೆ ಮಾತ್ರ ಬಾರಿಸಬಲ್ಲ ಕೈ ಮೆಲ್ಲಗೆ ಬಾರಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ತಡೆದಿಟ್ಟುಕೊಂಡದ್ದು ಒಳಗಿನಿಂದ ಕಾಣುತ್ತಿರುತ್ತದೆ.

ಆದರೂ ಜನ ಕೇಳುವುದು 'ಸ್ಪೆಕ್ಟ್ರಮ್' ಅನ್ನೇ. 2013ರಲ್ಲಿ ಅದರ ನಲವತ್ತನೆಯ ವರ್ಷಕ್ಕೆ ಅದೇ ಹೆಸರಿಟ್ಟುಕೊಂಡು ತಂಡದೊಂದಿಗೆ ತಿರುಗಿದರು. ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಗೈ ಬಾರ್ಕರ್ ಅವರ ದೊಡ್ಡ ವಾದ್ಯವೃಂದದ ಜೊತೆ ಹಳೆಯ ರಚನೆಗಳಿಗೆ ಹೊಸ ಮೈ ಕೊಟ್ಟರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಲವು ದಿನಗಳಲ್ಲಿ ಮಾಡಿದ ಒಂದು ಕೃತಿ ಉಳಿದ ಐವತ್ತು ವರ್ಷಗಳನ್ನೂ ಅಳೆಯುವ ಸೇರಾಗಿ ಬಿಡುವುದು ನ್ಯಾಯವೇ? ಸಾಹಿತ್ಯ ಓದುವ ನಮಗೆ ಇದು ಹೊಸ ಪ್ರಶ್ನೆಯಲ್ಲ. ಮೊದಲ ಕಾದಂಬರಿಯ ನೆರಳಿನಲ್ಲೇ ಉಳಿದದ್ದನ್ನೆಲ್ಲ ಬರೆದವರನ್ನು ನಾವು ನೋಡಿದ್ದೇವೆ. ಸಭೆಯಲ್ಲಿ ಹೊಸ ಪುಸ್ತಕದ ಬಗ್ಗೆ ಮಾತಾಡಲು ಬಂದವರಿಗೆ ಹಳೆಯ ಪುಸ್ತಕದ ಪ್ರತಿ ಚಾಚಿ ಸಹಿ ಕೇಳಿದ್ದೇವೆ.

ನನ್ನ ಉತ್ತರ ಅರ್ಧ ಕೋಬಮ್ ಪರ, ಅರ್ಧ ಕೇಳುಗರ ಪರ. ಕೇಳುಗರು ಸುಳ್ಳು ಹೇಳುತ್ತಿಲ್ಲ. ಆಮೇಲಿನ ಯಾವ ಆಲ್ಬಮ್ಮೂ ಇಡಿಯಾಗಿ 'ಸ್ಪೆಕ್ಟ್ರಮ್' ಅಥವಾ 'ಕ್ರಾಸ್‌ವಿಂಡ್ಸ್' ಎತ್ತರಕ್ಕೆ ಏರಿಲ್ಲ. ಆದರೆ ಡ್ರಮ್ಮರ್ ಬದುಕನ್ನು ಕೃತಿಗಳ ಸಾಲಾಗಿ ಮಾತ್ರ ನೋಡುವುದು ಕೃತಿ ಬರೆದಿಡುವವರ ಅಳತೆ. ಡ್ರಮ್ಮು ಪ್ರತಿ ರಾತ್ರಿ ದೇಹದಿಂದ ಹೊಸದಾಗಿ ಆಗಬೇಕಾದ ಕೆಲಸ. ಇಪ್ಪತ್ತೊಂಬತ್ತರಲ್ಲಿ ಬರೆದದ್ದನ್ನು ಎಪ್ಪತ್ತರಲ್ಲಿ ಬಾರಿಸಬೇಕಾದರೆ ಮೊಣಗಂಟು, ಮಣಿಕಟ್ಟುಗಳ ಜೊತೆ ಬೇರೆ ಒಪ್ಪಂದವೇ ಆಗಬೇಕು. ಈಚಿನ ವರ್ಷಗಳ ಅವರ 'ಸ್ಟ್ರೇಟಸ್' ವಿಡಿಯೋಗಳಲ್ಲಿ ನಾನು ಗಮನಿಸಿದ್ದು, ಪೆಟ್ಟುಗಳ ಸಂಖ್ಯೆ ಕಡಿಮೆಯಾಗಿದೆ, ಅವುಗಳ ನಡುವಿನ ಜಾಗ ಅಗಲವಾಗಿದೆ, ಆದರೆ ಆ ನಡೆ ಒಂದು ಎಳೆಯೂ ಸಡಿಲವಾಗಿಲ್ಲ. ವೇಗ ಅವರಿಗೆ ದಕ್ಕಿದ ಒಂದು ಸಂಪತ್ತು. ಕಾಲವನ್ನು ಕಾಯುವುದು ಅವರ ಸ್ವಭಾವ. ಸಂಪತ್ತು ಕರಗುತ್ತ ಬಂದಾಗ ಸ್ವಭಾವ ಕಾಣಿಸಿತು.

ಮೊನ್ನೆ ಆ ಗೆಳೆಯನಿಗೆ ಫೋನು ಮಾಡಿದ್ದೆ. ಅವನು ಮೃದಂಗ ಬಿಟ್ಟು ಬಹಳ ವರ್ಷವಾಯಿತು. 'ಸ್ಟ್ರೇಟಸ್' ಕಳಿಸಿ, ಮೂರು ನಿಮಿಷ ತಾಳಿಕೋ, ಆಮೇಲೆ ಕೇಳು ಎಂದೆ. ರಾತ್ರಿ ವಾಪಸ್ ಮಾಡಿದ. ಎಷ್ಟರದ್ದು ಎಂದು ಹೇಳುತ್ತಾನೇನೋ ಎಂದು ಕಾದೆ.

'ಎಣಿಸೋದು ಮರೆತೇ ಹೋಯ್ತು ಮಾರಾಯ' ಎಂದ. 'ಇದನ್ನ ಆವಾಗ ಯಾಕೆ ಹಾಕ್ಲಿಲ್ಲ ನೀನು?'

ಹಾಕಿದ್ದೆ, ಮುಂದಕ್ಕೆ ಓಡಿಸಿದ್ದು ನಾವೇ ಎಂದು ಹೇಳಿದೆ.